ಗೋಳಗುಮ್ಮಟ ನೋಡಿಯಾಯಿತು, ವಿಜಯಪುರದಲ್ಲಿ ಇನ್ನೇನಿದೆ?

ಪ್ರಶ್ನೆ: ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್, ಮಲಿಕ್-ಎ-ಮೈದಾನ್ ತೋಪು ಇಷ್ಟನ್ನೂ ಹಿಂದೊಮ್ಮೆ ಒಂದೇ ದಿನದಲ್ಲಿ ನೋಡಿದ್ದೇವೆ. ಈ ಡಿಸೆಂಬರಿನಲ್ಲಿ ವಿಜಯಪುರದಲ್ಲಿ ಎರಡು ಪೂರ್ತಿ ದಿನ ಸಿಗುತ್ತವೆ. ಜೊತೆಗೆ ಮಂಡಿನೋವಿರುವ ಅಮ್ಮ, 12 ವರ್ಷದ ಮಗಳು ಇರುತ್ತಾರೆ. ಪ್ರವಾಸಿಗರು ಅಷ್ಟಾಗಿ ಹೋಗದ, ಆದರೆ ನೋಡಲೇಬೇಕಾದ ಜಾಗಗಳು ಯಾವುವು? ಯಾವ ಕ್ರಮದಲ್ಲಿ ಹೋದರೆ ಅನುಕೂಲ?

ಉತ್ತರ: ನೀವು ನೋಡಿರದ ಜಾಗಗಳ ಪಟ್ಟಿ ಕೊಟ್ಟರೆ ಎರಡು ದಿನ ಏನೇನೂ ಸಾಲದು. ಆದ್ದರಿಂದ ಒಂದು ದಾರಿ ಹೇಳುತ್ತೇನೆ. ಈ ಊರಿಗೆ ನೀರು ಬಂದ ದಾರಿಯನ್ನೇ ಹಿಡಿದು ಹೋಗಿ. ಪಶ್ಚಿಮದ ತೊರವಿಯಲ್ಲಿ ಹೊರಟು, ಕೋಟೆಯೊಳಗಿನ ಬಾವಡಿಗಳನ್ನು, ಅಂದರೆ ಮೆಟ್ಟಿಲಿರುವ ದೊಡ್ಡ ಬಾವಿಗಳನ್ನು ನೋಡಿ, ಅರಮನೆಗಳ ಕೊಳಗಳ ಹತ್ತಿರ ನಿಂತು, ಪೂರ್ವದ ಕುಮಟಗಿಯಲ್ಲಿ ಮುಗಿಸಿ. ಬಿಡಿಬಿಡಿಯಾಗಿ ಹಾಳು ಗೋಡೆಗಳಂತೆ ಕಾಣುವ ಎಷ್ಟೋ ಕಟ್ಟಡಗಳು ಈ ಕ್ರಮದಲ್ಲಿ ನೋಡಿದಾಗ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಇಲ್ಲಿ ನೀರೇ ಏಕೆ ಅಷ್ಟು ಮುಖ್ಯ ಎಂಬುದನ್ನು ಮೊದಲು ತಿಳಿದಿರಬೇಕು. ವಿಜಯಪುರ ನಿಂತಿರುವುದು ಕಪ್ಪು ಬಸಾಲ್ಟ್ ಬಂಡೆಯ ಮೇಲೆ. ಆ ಕಲ್ಲು ನೀರನ್ನು ಹೀರಿ ಹಿಡಿದಿಡುವುದಿಲ್ಲ, ಬಿರುಕುಗಳಲ್ಲಿ ಸಿಕ್ಕಷ್ಟೇ ನೀರು. ಮಳೆಯೂ ಕಡಿಮೆ. ದಕ್ಷಿಣಕ್ಕೆ ಹರಿಯುವ ಡೋಣಿ ನದಿಯ ನೀರು ಉಪ್ಪು. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಅನ್ನುವ ಮಾತು ಹೊಲದ ಮಟ್ಟಿಗೆ ನಿಜ, ಕುಡಿಯುವ ನೀರಿನ ಮಟ್ಟಿಗೆ ಅದರಿಂದ ಪ್ರಯೋಜನವಿಲ್ಲ. ಇಂಥ ಕಡೆ ಊರನ್ನಾಳಿದ ಆದಿಲ್‌ಶಾಹಿ ಸುಲ್ತಾನರು ಸುಮಾರು 10 ಕಿಲೋಮೀಟರ್ ಸುತ್ತಳತೆಯ ಕೋಟೆ ಕಟ್ಟಿದರು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಅಲ್ಲಿಂದಲೂ ಜನ ಬಂದು ನೆಲೆಸಿದರು. ಊರು ದೊಡ್ಡದಾದಂತೆ ನೀರಿನ ಏರ್ಪಾಡೂ ದೊಡ್ಡದಾಗಬೇಕಾಯಿತು. ಗೋಳಗುಮ್ಮಟದ ಎದುರು ನಿಂತಾಗ ಆಗುವ ಬೆರಗು ಈ ಏರ್ಪಾಡಿಗೂ ಸಲ್ಲಬೇಕು.

ಮೊದಲ ದಿನ ಬೆಳಿಗ್ಗೆ ಏಳೂವರೆಯೊಳಗೆ ತೊರವಿಗೆ ಹೊರಡಿ. ಅಥಣಿ ರಸ್ತೆಯಲ್ಲಿ ಊರಿನಿಂದ ಐದಾರು ಕಿಲೋಮೀಟರ್. ಬಸ್ಸು, ಟಂಟಂ ಸಿಗುತ್ತವೆ. ಆದರೆ ಅಮ್ಮ ಜೊತೆಗಿರುವುದರಿಂದ ಅರ್ಧ ದಿನಕ್ಕೆ ಆಟೋ ಗೊತ್ತು ಮಾಡಿಕೊಳ್ಳಿ. ಮಾತಾಡುವಾಗ ‘ಸೈಟ್ ಸೀಯಿಂಗ್’ ಎಂದರೆ ನೀವು ಈಗಾಗಲೇ ನೋಡಿರುವ ನಾಲ್ಕು ಜಾಗಗಳಿಗೇ ಕರೆದೊಯ್ಯುತ್ತಾರೆ. ‘ತೊರವಿ ಸಂಗೀತ ಮಹಲ್, ಸಾಠ ಕಬರ್, ತಾಜ್ ಬಾವಡಿ, ಜೋಡ ಗುಮ್ಮಟ’ ಎಂದು ಒಂದೊಂದೂ ಹೆಸರು ಹೇಳಿ, ಪ್ರತಿ ಕಡೆ ಕಾಯುವ ಹೊತ್ತನ್ನೂ ಸೇರಿಸಿ ದರ ಒಪ್ಪಿಕೊಳ್ಳಿ. ಕಾಯುವ ಹೊತ್ತಿನ ಮಾತು ಮೊದಲೇ ಆಗದಿದ್ದರೆ ಎರಡನೆಯ ಜಾಗದಲ್ಲೇ ತಕರಾರು ಶುರುವಾಗುತ್ತದೆ.

ತೊರವಿ ಎಂದರೆ ನಮಗೆ ಮೊದಲು ನೆನಪಾಗುವುದು ಕುಮಾರ ವಾಲ್ಮೀಕಿಯ ತೊರವೆ ರಾಮಾಯಣ. ಕವಿ ತನ್ನ ಕಾವ್ಯವನ್ನು ಅಂಕಿತ ಮಾಡಿದ ನರಸಿಂಹನ ಗುಡಿ ಇಲ್ಲಿಯೇ ಇದೆ, ನೆಲಮಟ್ಟಕ್ಕಿಂತ ತಗ್ಗಿನಲ್ಲಿ, ಗುಹೆಯ ಹಾಗೆ. ಬಗ್ಗಿ ನಡೆಯಬೇಕಾಗುತ್ತದೆ, ಅಮ್ಮನಿಗೆ ಕಷ್ಟವಾದೀತು. ಅಲ್ಲಿಂದ ಸಂಗೀತ ಮಹಲ್‌ಗೆ ಹೋಗಿ. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಇಲ್ಲಿ ನೌರಸಪುರ ಎಂಬ ಹೊಸ ರಾಜಧಾನಿಯನ್ನು ಕಟ್ಟಲು ತೊಡಗಿದ್ದ. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ದಾಳಿ ಮಾಡಿ ಅದನ್ನು ಹಾಳುಗೆಡವಿದ. ಉಳಿದಿರುವುದು ಈ ಮಹಲ್, ಹತ್ತಿರದ ನಾರಿ ಮಹಲ್, ಅಲ್ಲಲ್ಲಿ ಮುರಿದ ಗೋಡೆ. ಸಂಗೀತ ಮಹಲಿನ ಮುಖಭಾಗವನ್ನು ಚೆನ್ನಾಗಿ ನೋಡಿಕೊಳ್ಳಿ: ನಡುವೆ ಅಗಲವಾದ ದೊಡ್ಡ ಕಮಾನು, ಎರಡು ಪಕ್ಕದಲ್ಲಿ ಅಷ್ಟೇ ಎತ್ತರದ ಕಿರಿದಾದ ಕಮಾನುಗಳು. ಇದೇ ರಚನೆ ನಾಳೆ ಗಗನ ಮಹಲಿನಲ್ಲಿ ಎದುರಾಗುತ್ತದೆ. ಅಂಗಳ ಸಮತಟ್ಟಾಗಿದೆ, ಅಮ್ಮ ಆರಾಮವಾಗಿ ಓಡಾಡಬಹುದು.

ನೀರಿನ ಕಥೆ ಶುರುವಾಗುವುದೂ ಇಲ್ಲಿಂದಲೇ. ತೊರವಿಯ ನೆಲ ನಗರಕ್ಕಿಂತ ಎತ್ತರದಲ್ಲಿದೆ. ಇಲ್ಲಿನ ಸುರಂಗ ಬಾವಡಿಯಿಂದ ನೆಲದಡಿಯಲ್ಲಿ ಸುರಂಗ ಕೊರೆದು, ಬಹಳ ಸಣ್ಣ ಇಳಿಜಾರು ಕೊಟ್ಟು, ನೀರನ್ನು ತನ್ನಷ್ಟಕ್ಕೆ ಊರಿಗೆ ಹರಿಯುವಂತೆ ಮಾಡಿದ್ದರು. ಬೀದರಿನಲ್ಲಿ ಕರೇಜ್ ನೋಡಿದ್ದರೆ ಅದೇ ಬಗೆಯದು. ಸುರಂಗದ ದಾರಿಯುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಂಡಿಗಳಿರುತ್ತವೆ. ಅಗೆಯುವಾಗ ಮಣ್ಣು ಎತ್ತಲು, ಒಳಗಿನವರಿಗೆ ಗಾಳಿ ಬರಲು, ಆಮೇಲೆ ಹೂಳು ತೆಗೆಯಲು ಅವು ಬೇಕು. ಇಳಿಜಾರು ಹೆಚ್ಚಾದರೆ ನೀರು ಸುರಂಗದ ತಳವನ್ನೇ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಆ ನಡುವಿನ ಅಳತೆಯನ್ನು ಮೈಲಿಗಟ್ಟಲೆ ತಪ್ಪದೆ ಹಿಡಿದದ್ದು ಈ ಕೆಲಸಗಾರರ ದೊಡ್ಡತನ. ಈಗ ಬಾವಡಿಯ ಸುತ್ತ ಜಾಲಿ ಬೆಳೆದಿರುತ್ತದೆ. ದಂಡೆಯಿಂದಲೇ ನೋಡಿ. ಸುರಂಗದ ಬಾಯಿಗೆ ಯಾರೂ ಇಳಿಯಕೂಡದು: ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ, ಹಾವಿನ ಭಯವೂ ಇದೆ. ಹೊಲಗಳಲ್ಲಿ ತೆರೆದ ಕಂಡಿಗಳು ಹುಲ್ಲಿನಲ್ಲಿ ಮುಚ್ಚಿಹೋಗಿರುವುದರಿಂದ ಮಗಳು ಒಬ್ಬಳೇ ಅತ್ತಿತ್ತ ಓಡದಂತೆ ನೋಡಿಕೊಳ್ಳಿ.

ವಾಪಸು ಬರುವಾಗ ಸಾಠ ಕಬರ್. ಕಪ್ಪು ಕಲ್ಲಿನ ಜಗುಲಿಯ ಮೇಲೆ ಸಾಲಾಗಿ ಅರವತ್ತಕ್ಕೂ ಹೆಚ್ಚು ಗೋರಿಗಳು, ಎಲ್ಲವೂ ಹೆಣ್ಣುಮಕ್ಕಳವು, ಹೆಚ್ಚುಕಡಿಮೆ ಒಂದೇ ಅಳತೆ. ಶಿವಾಜಿಯ ಮೇಲೆ ದಂಡೆತ್ತಿ ಹೋದರೆ ತಿರುಗಿ ಬರುವುದಿಲ್ಲ ಎಂದು ಜ್ಯೋತಿಷಿ ಹೇಳಿದ್ದಕ್ಕೆ ಆದಿಲ್‌ಶಾಹಿ ಸೇನಾಪತಿ ಅಫಜಲ್ ಖಾನ್ ತನ್ನ ಹೆಂಡಂದಿರನ್ನೆಲ್ಲ ಬಾವಿಗೆ ನೂಕಿ ಕೊಲ್ಲಿಸಿದ ಎಂಬುದು ಜನರ ಬಾಯಲ್ಲಿರುವ ಕಥೆ. ಆತ 1659ರಲ್ಲಿ ಪ್ರತಾಪಗಡದಲ್ಲಿ ಸತ್ತದ್ದು ಇತಿಹಾಸ, ಉಳಿದದ್ದನ್ನು ಐತಿಹ್ಯವೆಂದೇ ತಿಳಿಯಿರಿ. ಆತ ಬದುಕಿದ್ದಾಗಲೇ ಕಟ್ಟಿಸಿಕೊಂಡ ಗೋರಿ ಇದೇ ಕಡೆ ಅರೆಬರೆಯಾಗಿ ನಿಂತಿದೆ. ಮಗಳಿಗೆ ಏನು ಹೇಳಬೇಕೆಂದು ಮೊದಲೇ ಯೋಚಿಸಿಕೊಂಡು ಹೋಗಿ. ಇಲ್ಲಿಗೆ ಹೋಗುವ ಕೊನೆಯ ದಾರಿ ಹೊಲಗಳ ನಡುವಿನದು. ಮೊಬೈಲ್ ನಕ್ಷೆ ಬದುವಿನ ಮೇಲೆ ತಂದು ನಿಲ್ಲಿಸಬಹುದು, ಆಗ ಹೊಲದಲ್ಲಿ ಕೆಲಸ ಮಾಡುವವರನ್ನು ಕೇಳಿದರೆ ಸರಿದಾರಿ ಸಿಗುತ್ತದೆ. ಡಿಸೆಂಬರಿನಲ್ಲಿ ಜೋಳ ಎದೆಯೆತ್ತರ ನಿಂತಿರುತ್ತದೆ, ಅಡ್ಡ ಹಾಯಬೇಡಿ. ಹಿಂದಿನ ದಿನ ಮಳೆಯಾಗಿದ್ದರೆ ಈ ಜಾಗವನ್ನು ಬಿಟ್ಟುಬಿಡಿ. ಎರೆಮಣ್ಣು ಚಪ್ಪಲಿಗೂ ಆಟೋದ ಗಾಲಿಗೂ ಮೆತ್ತಿಕೊಂಡು ಮುಂದೆ ಹೋಗಲು ಬಿಡುವುದಿಲ್ಲ.

ಹತ್ತೂವರೆ ಹನ್ನೊಂದರ ಹೊತ್ತಿಗೆ ಮಕ್ಕಾ ದರವಾಜೆಯ ಕಡೆಯಿಂದ ಊರೊಳಗೆ ಬನ್ನಿ. ಹತ್ತಿರದಲ್ಲೇ ತಾಜ್ ಬಾವಡಿ. ಎರಡನೇ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರ ಸುಮಾರಿಗೆ ಕಟ್ಟಿದ್ದು. ಇಬ್ರಾಹಿಂ ರೋಜಾ ಕಟ್ಟಿಸಿದ ಮಲಿಕ್ ಸಂದಲನೇ ಇದನ್ನೂ ಕಟ್ಟಿಸಿದ ಎನ್ನುತ್ತಾರೆ. ಕೊಳ ಒಂದೊಂದು ಬದಿಗೆ ಸುಮಾರು 223 ಅಡಿ, ಆಳ ಸುಮಾರು 52 ಅಡಿ. ಬಾಗಿಲ ಕಮಾನಿನ ಅಗಲ ಸುಮಾರು 35 ಅಡಿ, ಎರಡೂ ಬದಿಗೆ ಎಂಟು ಮೂಲೆಯ ಗೋಪುರಗಳು. ಪಕ್ಕದ ಸಾಲು ಕೋಣೆಗಳಲ್ಲಿ ದಾರಿಹೋಕರು ತಂಗುತ್ತಿದ್ದರು. ದೂರದಿಂದ ಬಂದವನಿಗೆ ಊರು ಮೊದಲು ಕೊಡುತ್ತಿದ್ದದ್ದು ನೀರು ಮತ್ತು ನೆರಳು ಎಂಬುದು ಈ ಕಮಾನಿನ ಕೆಳಗೆ ನಿಂತರೆ ಅರ್ಥವಾಗುತ್ತದೆ. ಬಹಳ ವರ್ಷ ಬಟ್ಟೆ ಒಗೆಯುವುದು, ಮೂರ್ತಿ ಮುಳುಗಿಸುವುದು, ಕಸ ಎಸೆಯುವುದು ನಡೆದು ನೀರು ಹಸಿರುಗಟ್ಟಿತ್ತು. ಕೆಲವು ವರ್ಷಗಳ ಹಿಂದೆ ಊರಿನ ಹಳೆಯ ಬಾವಡಿಗಳ ಹೂಳೆತ್ತಿದಾಗ ಇದೂ ಬದುಕಿಕೊಂಡಿತು. ಸುರಕ್ಷತೆಗಾಗಿ ಕೆಳಗಿನ ಮೆಟ್ಟಿಲುಗಳ ಗೇಟಿಗೆ ಬೀಗ ಇರುವುದುಂಟು. ಬೀಗವಿದ್ದರೆ ಕಮಾನಿನ ಕೆಳಗಿನಿಂದಲೇ ನೋಡಿ, ಹಾರಿ ಹೋಗಬೇಡಿ. ನೀರಿನಂಚಿನ ಕಲ್ಲುಗಳ ಮೇಲೆ ಪಾಚಿ ಇರುತ್ತದೆ ಮತ್ತು ಕೊಳ ಅಂಚಿನಿಂದಲೇ ಆಳ.

ಸಮೀಪದಲ್ಲೇ ಜೋಡ ಗುಮ್ಮಟ. ಎಂಟು ಮೂಲೆಯ ಕಟ್ಟಡದಲ್ಲಿ ಸೇನಾಪತಿ ಖಾನ್ ಮಹಮ್ಮದ್ ಮತ್ತು ಅವನ ಮಗ ಖವಾಸ್ ಖಾನರ ಗೋರಿ, ಚೌಕದ ಕಟ್ಟಡದಲ್ಲಿ ಸಂತ ಅಬ್ದುಲ್ ರಜಾಕ್ ಖಾದ್ರಿಯವರ ದರ್ಗಾ. ಎಂಟು ಮೂಲೆಯದನ್ನು ಬ್ರಿಟಿಷರು ಇಂಜಿನಿಯರ್ ಸಾಹೇಬರ ಮನೆಯಾಗಿ ಬಳಸಿದ್ದರು. ದರ್ಗಾದಲ್ಲಿ ಇಂದಿಗೂ ನಿತ್ಯ ಪೂಜೆ, ಹರಕೆ ನಡೆಯುತ್ತವೆ. ಚಪ್ಪಲಿ ಬಿಟ್ಟು, ತಲೆಗೆ ಸೆರಗೋ ಕರವಸ್ತ್ರವೋ ಹಾಕಿಕೊಂಡು ಒಳಗೆ ಹೋಗಿ. ಫೋಟೊಗೆ ಮೊದಲು ಕೇಳಿ.

ಮಧ್ಯಾಹ್ನ ಯಾವುದಾದರೂ ಖಾನಾವಳಿಯಲ್ಲಿ ಜೋಳದ ರೊಟ್ಟಿ ಊಟ ಮಾಡಿ ಅಮ್ಮನಿಗೆ ವಿಶ್ರಾಂತಿ ಕೊಡಿ. ನಾಲ್ಕರ ನಂತರ ದಕ್ಷಿಣದ ಬೇಗಂ ತಲಾಬಿಗೆ ಹೋಗಬಹುದು. ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಜಹಾನ್ ಬೇಗಂ ಹೆಸರಿನಲ್ಲಿ ಕಟ್ಟಿಸಿದ 234 ಎಕರೆಯ ಕೆರೆ ಇದು. ಕೆರೆಯಷ್ಟೇ ನೋಡಿ ಬಂದರೆ ಇದರ ಅರ್ಧವೂ ಸಿಗುವುದಿಲ್ಲ. ಇಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳನ್ನು 15ರಿಂದ 50 ಅಡಿ ಆಳದಲ್ಲಿ ಹೂತು, ಸುತ್ತ ಗಾರೆ ಕಟ್ಟಿ ನಗರಕ್ಕೆ ನೀರು ಒಯ್ದಿದ್ದರು. ಮಣ್ಣಿನ ಕೊಳವೆ ಹೆಚ್ಚು ಒತ್ತಡ ತಡೆಯುವುದಿಲ್ಲ. ಎತ್ತರದಿಂದ ಇಳಿದು ಬರುವ ನೀರಿನ ಭಾರಕ್ಕೆ ಒಡೆದುಹೋಗುತ್ತದೆ. ಅದಕ್ಕೆ ದಾರಿಯಲ್ಲಿ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಗೋಪುರಗಳನ್ನು ಕಟ್ಟಿದರು. ಇವಕ್ಕೆ ಗಂಜ್ ಎನ್ನುತ್ತಾರೆ. ಕೊಳವೆಯ ನೀರು ಗಂಜ್‌ನೊಳಗೆ ಮೇಲೇರಿ ಒತ್ತಡ ಕಳೆದುಕೊಳ್ಳುತ್ತದೆ, ಹೊತ್ತು ತಂದ ಮಣ್ಣು ತಳದಲ್ಲಿ ಕೂರುತ್ತದೆ, ತಿಳಿಯಾದ ನೀರು ಮುಂದೆ ಹೋಗುತ್ತದೆ. ಊರಿನ ರಸ್ತೆಬದಿಯಲ್ಲಿ, ಮನೆಗಳ ಸಂದಿಯಲ್ಲಿ ಕಿಟಕಿ ಬಾಗಿಲಿಲ್ಲದ ಚೌಕ ಕಲ್ಲುಗೋಪುರ ಒಂಟಿಯಾಗಿ ನಿಂತಿದ್ದರೆ ಅದು ಬಹುತೇಕ ಗಂಜ್ ಆಗಿರುತ್ತದೆ. ಎರಡು ದಿನದಲ್ಲಿ ಎಷ್ಟು ಗಂಜ್ ಕಂಡವು ಎಂದು ಲೆಕ್ಕವಿಡುವ ಕೆಲಸವನ್ನು ಮಗಳಿಗೆ ಕೊಡಿ. ಈ ಊರಿನ ಮಕ್ಕಳಿಗೂ ಗೊತ್ತಿಲ್ಲದ ಒಂದು ವಿಷಯ ಅವಳಿಗೆ ಗೊತ್ತಾಗುತ್ತದೆ.

ಸಂಜೆ ಐದರ ಸುಮಾರಿಗೆ ಉಪ್ಪಲಿ ಬುರುಜು. ಹಿಂದಿನ ಸಲ ಮಲಿಕ್-ಎ-ಮೈದಾನ್ ನೋಡಿದಾಗ ಇದರ ಹತ್ತಿರವೇ ಹಾದು ಹೋಗಿರುತ್ತೀರಿ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ, ಸುಮಾರು 80 ಅಡಿ ಎತ್ತರದ ಒಂಟಿ ಬುರುಜು. ಮೆಟ್ಟಿಲು ಹೊರಮೈಯನ್ನೇ ಸುತ್ತಿಕೊಂಡು ಏರುತ್ತದೆ. ಮೇಲೆ 30 ಅಡಿಗೂ ಉದ್ದದ ಲಂಬಾ ತೋಪು, ಇನ್ನೊಂದು ಗಿಡ್ಡ ತೋಪು, ಮದ್ದಿನ ಕೋಣೆ, ನೀರಿನ ತೊಟ್ಟಿ ಇವೆ. ಗೋಳಗುಮ್ಮಟವೂ ಇಬ್ರಾಹಿಂ ರೋಜಾವೂ ಕೋಟೆಯ ಸಾಲೂ ಒಂದೇ ಕಡೆಯಿಂದ ಕಾಣುವ ಜಾಗ ಇದು. ಅಮ್ಮ ಕೆಳಗೇ ಕೂರಲಿ. ಮೆಟ್ಟಿಲು ಎತ್ತರ, ಇಳಿಯುವಾಗ ಮಂಡಿಗೆ ಹೆಚ್ಚು ಪೆಟ್ಟು. ಡಿಸೆಂಬರಿನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ, ಬೆಳಕಿರುವಾಗಲೇ ಇಳಿದುಬಿಡಿ.

ಎರಡನೆಯ ದಿನದ ಬೆಳಿಗ್ಗೆಯನ್ನು ಅರಕಿಲ್ಲಾಕ್ಕೆ ಇಡಿ, ಅಂದರೆ ಊರ ನಡುವಿನ ಒಳಕೋಟೆಗೆ. ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ಸರ್ಕಾರಿ ಕಚೇರಿಗಳು, ವಾಹನ ಸದ್ದು ಎಲ್ಲ ಇದರೊಳಗೇ ಇರುವುದರಿಂದ ಪ್ರವಾಸಿಗರಿಗೆ ಇದು ಕೋಟೆ ಎಂದೇ ತೋರುವುದಿಲ್ಲ. ಎಂಟು ಗಂಟೆಗೆ, ಕಚೇರಿ ತೆರೆಯುವ ಮುಂಚೆ ಬಂದರೆ ನೆಮ್ಮದಿ.

ಕರೀಮುದ್ದೀನ್ ಮಸೀದಿಯಿಂದ ಶುರು ಮಾಡಿ. ಆದಿಲ್‌ಶಾಹಿಗಳಿಗಿಂತ ಒಂದೂವರೆ ಶತಮಾನಕ್ಕೂ ಹಿಂದಿನದು, 1320ರದು. ಒಳಗಿನ ಕಂಬಗಳನ್ನು ನೋಡಿದರೆ ಕಲ್ಯಾಣದ ಚಾಲುಕ್ಯರ ಕಾಲದ ಗುಡಿಯೊಳಗೆ ಬಂದ ಹಾಗೆ ಅನಿಸುತ್ತದೆ. ಹಳೆಯ ದೇಗುಲಗಳ ಕಂಬ, ತೊಲೆಗಳನ್ನೇ ಜೋಡಿಸಿ ಕಟ್ಟಿದ್ದು. ಕಟ್ಟಿದವನ ಹೆಸರು ರೇವಯ್ಯ ಎಂದು ಶಾಸನ ಹೇಳುತ್ತದೆ. ಕಂಬಗಳ ಎತ್ತರ ಒಂದಕ್ಕೊಂದು ಹೊಂದದ ಕಡೆ ಬುಡಕ್ಕೂ ತಲೆಗೂ ಕಲ್ಲು ಕೊಟ್ಟು ಸರಿಮಾಡಿರುವುದನ್ನು ಗಮನಿಸಿ.

ಸ್ವಲ್ಪ ದೂರದಲ್ಲಿ ಸಾತ್ ಮಂಜಿಲ್. 1583ರ ಏಳಂತಸ್ತಿನ ಅರಮನೆ, ಈಗ ಉಳಿದದ್ದು ಐದು. ಪ್ರತಿ ಅಂತಸ್ತಿನಲ್ಲೂ ತೊಟ್ಟಿ, ಗೋಡೆಯೊಳಗೆ ಕೊಳವೆ. ಅಷ್ಟೆತ್ತರಕ್ಕೆ ನೀರು ಏರಿಸಿದ್ದೇ ಇದರ ವೈಭವ. ಮೇಲಕ್ಕೆ ಹತ್ತಲು ಬಿಡುವುದಿಲ್ಲ, ಆದರೆ ಒಡೆದ ಗೋಡೆಗಳಲ್ಲಿ ಕೊಳವೆಯ ಜಾಡು ಕೆಳಗಿನಿಂದಲೇ ಕಾಣುತ್ತದೆ. ಎದುರಿಗಿನ ಪುಟ್ಟ ಮಂಟಪ ಜಲ ಮಂಜಿಲ್. ಒಂದು ಕಾಲಕ್ಕೆ ಕೊಳದ ನಡುವೆ ನಿಂತಿದ್ದದ್ದು. ಕೆತ್ತನೆ ಸೊಗಸಾಗಿದೆ, ರಸ್ತೆಬದಿಯಲ್ಲಿರುವುದರಿಂದ ಯಾರೂ ತಿರುಗಿಯೂ ನೋಡುವುದಿಲ್ಲ.

ಗಗನ ಮಹಲ್ 1561ರದು, ಒಂದನೇ ಅಲಿ ಆದಿಲ್‌ಶಾಹ ಕಟ್ಟಿಸಿದ್ದು. ನಡುಗಮಾನಿನ ಅಗಲ 60 ಅಡಿಗೂ ಹೆಚ್ಚು. ತೊರವಿಯಲ್ಲಿ ನೋಡಿದ ಮುಖಭಾಗದ ಮೂಲ ಇದೇ. 1686ರಲ್ಲಿ ಕೊನೆಯ ಸುಲ್ತಾನ ಸಿಕಂದರ್ ಬೆಳ್ಳಿಯ ಸಂಕೋಲೆಯಲ್ಲಿ ಔರಂಗಜೇಬನ ಎದುರು ನಿಂತದ್ದು ಈ ಕಮಾನಿನಡಿಯಲ್ಲಿ.

ಕಂದಕ ದಾಟಿ ಪೂರ್ವಕ್ಕೆ ಬಂದರೆ ಆಸಾರ್ ಮಹಲ್. ಮಹಮ್ಮದ್ ಆದಿಲ್‌ಶಾಹ 1646ರಲ್ಲಿ ನ್ಯಾಯಸಭೆಗಾಗಿ ಕಟ್ಟಿಸಿದ್ದು, ಆಮೇಲೆ ಪ್ರವಾದಿಯವರ ಪವಿತ್ರ ಅವಶೇಷಗಳನ್ನು ಇಡುವ ಸ್ಥಳವಾಯಿತು. ಮುಂದಿನ ಮೂರು ಕೊಳಗಳಲ್ಲಿ ನಡುವಿನದು ಸುಮಾರು 15 ಅಡಿ ಆಳ. ನಾಲ್ಕು ಭಾರಿ ಮರದ ಕಂಬಗಳ ಮೇಲೆ ನಿಂತ ತೆರೆದ ಹಜಾರ ವಿಜಯಪುರದಲ್ಲಿ ಬೇರೆಲ್ಲೂ ಸಿಗದ ನೋಟ. ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ ಎಂಬ ರೂಢಿ ಇದೆ. ಅಮ್ಮ, ಮಗಳಿಗೆ ಇದನ್ನು ಮುಂಚೆಯೇ ಹೇಳಿಡಿ, ಬಾಗಿಲಲ್ಲಿ ಬೇಸರವಾಗುವುದು ತಪ್ಪುತ್ತದೆ. ಹಜಾರ, ಕೊಳ ಹೊರಗಿನಿಂದ ಚೆನ್ನಾಗಿ ಕಾಣುತ್ತವೆ.

ಇಲ್ಲಿಂದ ಆಟೋದಲ್ಲಿ ಮೆಹ್ತರ್ ಮಹಲ್‌ಗೆ ಹೋಗಿ. ಹೆಸರಿಗೆ ಮಹಲು, ನಿಜದಲ್ಲಿ ಒಂದು ಸಣ್ಣ ಮಸೀದಿಯ ಹೆಬ್ಬಾಗಿಲು. ಆದರೆ ಕೆತ್ತನೆಯ ಮಟ್ಟಿಗೆ ಇಡೀ ಊರಿನಲ್ಲಿ ಇದಕ್ಕೇ ಮೊದಲ ಸ್ಥಾನ ಕೊಡುತ್ತೇನೆ. ಬಾಲ್ಕನಿಯನ್ನು ಹೊತ್ತ ಕಲ್ಲಿನ ಆಧಾರಗಳನ್ನು ಮರದ ಕೆಲಸದಷ್ಟು ತೆಳ್ಳಗೆ ಕೊರೆದಿದ್ದಾರೆ. ದುರ್ಬೀನು ಇದ್ದರೆ ತನ್ನಿ. ಸಮಯ ಉಳಿದರೆ 1608ರ ಅಂಡು ಮಸೀದಿ: ಕೆಳಗೆ ಹಜಾರ, ಮೇಲಂತಸ್ತಿನಲ್ಲಿ ಪ್ರಾರ್ಥನೆಯ ಜಾಗ.

ಮಧ್ಯಾಹ್ನ ಎರಡಕ್ಕೆ ಕಾರು ಮಾಡಿಕೊಂಡು ಪೂರ್ವಕ್ಕೆ ಹೊರಡಿ. ಕೋಟೆಯ ಪೂರ್ವದಂಚಿನಲ್ಲಿ ಚಾಂದ್ ಬಾವಡಿ, 1579ರದು, ಚಾಂದ್ ಬೀಬಿಯ ಹೆಸರಿನದು. ತಾಜ್ ಬಾವಡಿಗೆ ಮಾದರಿಯಾದದ್ದು ಇದು ಎನ್ನುತ್ತಾರೆ. ಆಮೇಲೆ ಐನಾಪುರದ ಜಹಾನ್ ಬೇಗಂ ಗೋರಿ. ಗೋಳಗುಮ್ಮಟ ನೋಡಿದವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಹೊರ ಅಳತೆ ಹೆಚ್ಚುಕಡಿಮೆ ಗೋಳಗುಮ್ಮಟದ್ದೇ, ಅದೇ ನಾಲ್ಕು ಮೂಲೆಯ ಗೋಪುರ. ಆದರೆ ಕಟ್ಟಡ ಮಾಡಿನ ತನಕ ಏರಲೇ ಇಲ್ಲ. ಗಾರೆ, ಗಿಲಾವು ಬಳಿಯುವ ಮೊದಲು ಕಲ್ಲುಗಳನ್ನು ಹೇಗೆ ಕೂರಿಸುತ್ತಿದ್ದರು, ಕಮಾನು ಎಲ್ಲಿಂದ ಚಿಮ್ಮುತ್ತಿತ್ತು ಎಂಬುದೆಲ್ಲ ಬೆತ್ತಲಾಗಿ ಕಾಣುತ್ತದೆ. ಒಳಗೆ ಗೋರಿಯ ಸುತ್ತ ಇನ್ನೊಂದು ಕೋಣೆಯ ಗೋಡೆ ಎದ್ದಿರುವುದರಿಂದ ಗುಮ್ಮಟ ಗೋಳಗುಮ್ಮಟಕ್ಕಿಂತ ಚಿಕ್ಕದಾಗುತ್ತಿತ್ತು. ಗೋಡೆಗಳ ಮೇಲೆ ಹತ್ತಬೇಡಿ, ಸಡಿಲ ಕಲ್ಲುಗಳಿವೆ. ಮೇಲೆ ಹೆಜ್ಜೇನು ಕಟ್ಟಿದ್ದರೆ ಗದ್ದಲ ಮಾಡದೆ ದೂರದಿಂದಲೇ ನೋಡಿ ಬನ್ನಿ. ಈ ಮಾತು ಇಲ್ಲಿನ ಎಲ್ಲ ದೊಡ್ಡ ಕಟ್ಟಡಗಳಿಗೂ ಅನ್ವಯಿಸುತ್ತದೆ. ಪೂರ್ವದಲ್ಲೇ ಇರುವ ಐನುಲ್ ಮುಲ್ಕ್ ಗೋರಿಯ ಗಚ್ಚಿನ ಕೆಲಸಕ್ಕೂ ಹತ್ತು ನಿಮಿಷ ಕೊಡಬಹುದು.

ಕೊನೆಗೆ ಸಿಂದಗಿ ರಸ್ತೆಯಲ್ಲಿ, ಊರಿನಿಂದ ಸುಮಾರು 20 ಕಿಲೋಮೀಟರ್ ದೂರದ ಕುಮಟಗಿ. ನಾಲ್ಕರೊಳಗೆ ತಲುಪುವಂತೆ ನೋಡಿಕೊಳ್ಳಿ. ಕೆರೆ, ಕೊಳ, ಕೊಳದ ನಡುವೆ ಎರಡಂತಸ್ತಿನ ಮಂಟಪ. ರಾಜಮನೆತನದವರು ಬೇಸಗೆ ಕಳೆಯುತ್ತಿದ್ದ ಜಾಗ. ಕೆರೆಯ ನೀರನ್ನು ಎತ್ತರದ ಗೋಪುರಕ್ಕೆ ಏರಿಸಿ, ಅಲ್ಲಿಂದ ಕೊಳವೆಯಲ್ಲಿ ಮಂಟಪದ ಮೇಲಂತಸ್ತಿಗೆ ಬಿಟ್ಟು, ಚಾವಣಿಯ ತೂತುಗಳಿಂದ ಮಳೆಯಂತೆ ಸುರಿಸುತ್ತಿದ್ದರು. ಊರಿನಲ್ಲಿ ಗಂಜ್ ಒತ್ತಡ ಕಳೆಯಲು ಇತ್ತು, ಇಲ್ಲಿ ಗೋಪುರ ಒತ್ತಡ ಕೊಡಲು ಇದೆ. ಎರಡೂ ನೋಡಿದ ಮೇಲೆ ಮಗಳೇ ನಿಮಗೆ ವಿವರಿಸಬಲ್ಲಳು. ಗೋಡೆಗಳ ಮೇಲೆ ಕುದುರೆಯೇರಿ ಚೆಂಡಾಡುವವರು, ಕುಸ್ತಿ, ವಿದೇಶಿ ಉಡುಪಿನವರು ಇರುವ ಚಿತ್ರಗಳಿದ್ದವು. ಬಹಳ ಮಾಸಿವೆ, ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು. ಬಣ್ಣ ಎದ್ದು ಕಾಣಲಿ ಎಂದು ನೀರು ಚಿಮುಕಿಸುವುದು, ಕೈಯಿಂದ ಒರೆಸುವುದು ಮಾಡಲೇಬೇಡಿ. ಗಾರೆಯೊಳಗಿನ ಉಪ್ಪು ನೀರಿನೊಂದಿಗೆ ಮೇಲೆ ಬಂದು ಒಣಗುವಾಗ ಬಣ್ಣದ ಪದರವನ್ನೇ ಎಬ್ಬಿಸಿಬಿಡುತ್ತದೆ. ಫ್ಲಾಶ್ ಕೂಡ ಬೇಡ.

ಇನ್ನು ಕೆಲವು ಸಣ್ಣ ವಿಷಯ. ಇಲ್ಲಿ ಹೇಳಿದ ಬಹುತೇಕ ಜಾಗಗಳಿಗೆ ಟಿಕೆಟ್ ಇಲ್ಲ, ಹಾಗಾಗಿ ಶೌಚಾಲಯ, ಕುಡಿಯುವ ನೀರೂ ಇಲ್ಲ. ಹೊರಡುವ ಮುಂಚೆಯೇ ಏರ್ಪಾಡು ಮಾಡಿಕೊಳ್ಳಿ, ತಲೆಗೆ ಎರಡು ಲೀಟರ್ ನೀರು ಇರಲಿ. ಡ್ರೋನ್ ಹಾರಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ನಿಮ್ಮ ಎರಡು ದಿನಗಳಲ್ಲಿ ಒಂದು ಶುಕ್ರವಾರವಾದರೆ ಆ ದಿನ ಪಶ್ಚಿಮದ ತೊರವಿ ದಾರಿಯನ್ನೇ ಇಟ್ಟುಕೊಂಡು, ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರವರೆಗೆ ಊಟ, ವಿಶ್ರಾಂತಿಗೆ ಬಿಡಿ. ಮಸೀದಿಗಳಲ್ಲಿ ಆಗ ನಮಾಜ್ ಇರುತ್ತದೆ. ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯವನ್ನು ಹಿಂದಿನ ಸಲ ಬಿಟ್ಟಿದ್ದರೆ ಅದಕ್ಕೂ ಶುಕ್ರವಾರ ರಜೆ. ಎರಡನೆಯ ದಿನ ರೈಲಿಗೆ ಮುನ್ನ ಒಂದು ಗಂಟೆ ಸಿಕ್ಕರೆ ಅಲ್ಲಿಗೆ ಹೋಗಿ, ನಿಲ್ದಾಣ ಅಲ್ಲಿಂದ ಹತ್ತಿರ.